ಮನೆ ಕೊಳ್ಳುವ ಮಾತು

ಸಂಘದಲ್ಲಿ ನಾಲ್ವರು ಸೇರಿದರೆ ಈ ಪ್ರಶ್ನೆ ತಪ್ಪದು: “ಏನು ಸ್ವಾಮಿ, ಇನ್ನೆಷ್ಟು ವರ್ಷ ಬಾಡಿಗೆ ಮನೆ?” ಬಡ್ಡಿ ಇಳಿದ ಮೇಲಂತೂ ಮಾತು ಜೋರಾಗಿದೆ. 2023ರ ಫೆಬ್ರವರಿಯಲ್ಲಿ ಶೇಕಡಾ 6.5ಕ್ಕೆ ಏರಿದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕು 2025ರ ಜೂನ್ ವೇಳೆಗೆ 5.5ಕ್ಕೆ ಇಳಿಸಿತಷ್ಟೆ.

ಅರ್ಥಶಾಸ್ತ್ರಜ್ಞರು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ 80 ಲಕ್ಷ ಹೇಳುತ್ತಾರೆನ್ನಿ. ವರ್ಷದ ಹುಟ್ಟುವಳಿ 2.4 ಲಕ್ಷ, ನೂರಕ್ಕೆ ಮೂರು. ಅಷ್ಟೂ ಹಣವನ್ನು ನೂರಕ್ಕೆ ಎಂಟರಂತೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ 6 ಲಕ್ಷ ಮೀರುತ್ತದೆ! ಈ ಕೊರತೆ ತುಂಬಬೇಕಾದರೆ ಮುಂದೆ ಬೆಲೆ ಏರಬೇಕು. ಗೋಡೆಯೋ ವರ್ಷವರ್ಷಕ್ಕೆ ಹಳತಾಗುತ್ತದೆ. ಏರುವುದು ನೆಲದ ಬೆಲೆ. ಆದುದರಿಂದ ಫ್ಲಾಟು ಕೊಳ್ಳುವವರು ತಮ್ಮ ಪಾಲಿನ ಅವಿಭಕ್ತ ನೆಲ ಎಷ್ಟು ಚದರಡಿ ಎಂಬುದನ್ನು ಪತ್ರದಲ್ಲಿ ಮೊದಲು ನೋಡತಕ್ಕದ್ದು. ಅಡಿಗೆಮನೆಯ ಗ್ರಾನೈಟು ಆಮೇಲೆ. ಇದನ್ನು ನೋಡದೆ ಊರಿನ ತೋಟ ಮಾರಿ ಇಲ್ಲಿ ಮೂರನೆಯ ಮಹಡಿ ಕೊಳ್ಳುವವರನ್ನು ಕಂಡರೆ ನಮಗೆ ಸಂಕಟ. ನೆಲ ಕೊಟ್ಟು ಗೋಡೆ ತಂದಂತಾಯಿತು.

ಅಂಗಡಿ, ಕಚೇರಿ ಕಟ್ಟಡಗಳ ಲೆಕ್ಕ ಬೇರೆ. ಬಾಡಿಗೆ ಹೆಚ್ಚು, ಖಾಲಿ ಬೀಳುವ ಭಯವೂ ಹೆಚ್ಚು. ನಮ್ಮ ತ್ರಿಪ್ಲಿಕೇನಿನ ಮ್ಯಾನ್‌ಷನ್‌ಗಳೂ ವ್ಯಾಪಾರವೇ ತಾನೆ? 2020ರ ಲಾಕ್‌ಡೌನಿನಲ್ಲಿ ಹುಡುಗರು ಊರು ಸೇರಿದರು, ಕೊಠಡಿಗಳು ಬರಿದಾದವು.

ಸದ್ಯಕ್ಕೆ ಬಾಡಿಗೆಯೇ ಸಾಕೆನ್ನುವವರು ಕರಾರನ್ನು ಬರೆಯಿಸಿ ನೋಂದಾಯಿಸಲಿ. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದ ಸಾಲದು.