ಹಳೆಯ ಚಾರ್ಜರಿಗೆ ಹೊಸ ಬ್ಯಾಟರಿ
1969ರ ಡಾಡ್ಜ್ ಚಾರ್ಜರ್ ಆರ್/ಟಿಯ 440 ಘನ ಅಂಗುಲದ ವಿ-8 ಎಂಜಿನ್ನನ್ನು, ಅದರಲ್ಲಿಯೂ ಡೆಟ್ರಾಯಿಟಿನ ಜನವರಿಯ ಚಳಿಗೆ ಎಣ್ಣೆಯೇ ಮಂದವಾಗಿರುವ ಮುಂಜಾವಿನಲ್ಲಿ, ಎಚ್ಚರಿಸಿ ಹೊರಡಿಸುವುದು ಅಲ್ಪಶಕ್ತಿಯಿಂದಾಗುವ ಕಾರ್ಯವಲ್ಲವಾದುದರಿಂದ, ಹೊಸ ಬ್ಯಾಟರಿಯನ್ನು ಕೊಳ್ಳಹೊರಟವನು ಬೆಲೆಗಿಂತ ಮೊದಲು ನೋಡತಕ್ಕದ್ದು ಅದರ ಮೈಮೇಲೆ ಅಚ್ಚಾಗಿರುವ ಸಿ.ಸಿ.ಎ. ಎಂಬ ಅಂಕಿಯನ್ನು, ಎಂದರೆ, ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ, 7.2 ವೋಲ್ಟಿಗಿಂತ ಕೆಳಗಿಳಿಯದೆ, 30 ಸೆಕೆಂಡುಗಳ ಕಾಲ ಅದು ಎಷ್ಟು ಆಂಪಿಯರ್ ಕೊಡಬಲ್ಲುದೆಂಬುದನ್ನು. ದ್ರವಾಮ್ಲ ತುಂಬಿದ ಸಾಂಪ್ರದಾಯಿಕ ಬ್ಯಾಟರಿ ಅಗ್ಗವೇನೋ ಹೌದು. ಆದರೆ ಅದು ಸೂಸುವ ಆಮ್ಲದ ಹಬೆಯಿಂದ ಅಡಿಯ ತಗಡಿನ ತಟ್ಟೆಯ ಬಣ್ಣ ಮೊದಲು ಗುಳ್ಳೆಯೆದ್ದು, ಬಳಿಕ ತುಕ್ಕು ತಿಂದು, ಕೊನೆಗೆ ಬೆರಳು ತೂರುವಷ್ಟು ತೂತಾಗುವುದನ್ನು ಕಂಡವರು, ಗಾಜಿನ ನಾರಿನ ಹಾಸಿನಲ್ಲಿ ಆಮ್ಲವನ್ನು ಹೀರಿ ಹಿಡಿದಿರುವ ಎ.ಜಿ.ಎಂ. ಬ್ಯಾಟರಿಗೆ ಹೆಚ್ಚು ಹಣ ತೆರಲು ಹಿಂಜರಿಯರು. ಹಳೆಯ ರೆಗ್ಯುಲೇಟರು ಹದತಪ್ಪಿ 15 ವೋಲ್ಟಿಗೂ ಮಿಕ್ಕಿ ಹರಿಸುತ್ತಿದ್ದರೆ ಮಾತ್ರ ಈ ಹೊಸದು ಒಳಗೊಳಗೇ ಒಣಗಿ ಕೆಟ್ಟೀತು. ಮೀಟರು ಹಿಡಿದು ಅಳೆಯದೆ ಕೊಳ್ಳುವುದು ಅವಿವೇಕ. ಇನ್ನು, ಪ್ರದರ್ಶನಗಳಲ್ಲಿ ಬಹುಮಾನ ಗಳಿಸಬೇಕೆಂಬ ಹಟವುಳ್ಳವರಿಗಾಗಿ, ಹೊರಗೆ ಅಂದಿನ ಕರಿಯ ಪೆಟ್ಟಿಗೆಯ ವೇಷ ತೊಟ್ಟು ಒಳಗೆ ಇಂದಿನ ಸತ್ತ್ವವನ್ನಿಟ್ಟುಕೊಂಡ ಪ್ರತಿಕೃತಿಗಳೂ ದೊರೆಯುತ್ತವೆ. ರಸ್ತೆಯಲ್ಲಿ ಓಡಿಸುವುದಕ್ಕಾಗಿಯೇ ಕಾರನ್ನು ಇಟ್ಟುಕೊಂಡವನಿಗೆ ಅದು ದುಬಾರಿಯ ಅಲಂಕಾರವೆಂದೇ ನನ್ನ ಎಣಿಕೆ.