ಖಿನ್ನತೆಯ ಚಿಕಿತ್ಸೆಯಲ್ಲಿ ಊಟಕ್ಕೂ ಜಾಗ ಬೇಕು

ಖಿನ್ನತೆಯೆಂದು ಬಂದವರನ್ನು ವೈದ್ಯರು ನಿದ್ದೆಯ ಬಗ್ಗೆ ಕೇಳುವಷ್ಟು ಊಟದ ಬಗ್ಗೆ ಕೇಳುವುದಿಲ್ಲ. ಕೇಳಬೇಕು ಎನ್ನಲು ಕಾರಣವಿದೆ. ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಅವರ ತಂಡ 2017ರಲ್ಲಿ ಪ್ರಕಟಿಸಿದ ‘ಸ್ಮೈಲ್ಸ್’ ಅಧ್ಯಯನದಲ್ಲಿ ಖಿನ್ನತೆಯಿದ್ದ 67 ಮಂದಿ ಇದ್ದರು. ಒಂದು ಗುಂಪಿಗೆ ತರಕಾರಿ, ಬೇಳೆಕಾಳು, ಇಡಿಧಾನ್ಯ, ಮೀನು, ಆಲಿವ್ ಎಣ್ಣೆಯ ಊಟಕ್ಕೆ ಆಹಾರತಜ್ಞರ ಮಾರ್ಗದರ್ಶನ. ಇನ್ನೊಂದಕ್ಕೆ ಬರೀ ಮಾತುಕತೆ, ಒಡನಾಟ. 12 ವಾರಗಳ ಬಳಿಕ ಮೊದಲ ಗುಂಪಿನ ಶೇ 32ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎರಡನೆಯದರಲ್ಲಿ ಶೇ 8 ಮಾತ್ರ. ಗುಂಪು ಚಿಕ್ಕದು, ತಾವು ಯಾವ ಗುಂಪಿನವರೆಂಬುದು ಅವರಿಗೆ ತಿಳಿದಿತ್ತು, ನಿಜ. ಆದರೂ ಕಡೆಗಣಿಸುವಂಥ ಅಂತರವಲ್ಲ ಇದು.

ಊಟ ಮನಸ್ಸನ್ನು ಮುಟ್ಟುವುದು ಹೇಗೆ? ಕರುಳಿಗೂ ಮಿದುಳಿಗೂ ವೇಗಸ್ ನರದ ನೇರ ಸಂಪರ್ಕವಿದೆ. ಆಹಾರದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳು, ಖಿನ್ನತೆಯೊಂದಿಗೂ ನಂಟಿರುವ ಉರಿಯೂತವನ್ನು ತಗ್ಗಿಸಲು ನೆರವಾಗುತ್ತವೆ. ಮನಸ್ಥಿತಿಯೊಂದಿಗೆ ನಂಟಿರುವ ರಾಸಾಯನಿಕವಾದ ಸೆರೊಟೊನಿನ್‌ನ ಬಹುಪಾಲು ತಯಾರಾಗುವುದೂ ಕರುಳಿನಲ್ಲೇ. ಆದರೆ ಅದು ರಕ್ತದಿಂದ ಮಿದುಳಿನೊಳಕ್ಕೆ ದಾಟದು. ಕರುಳಿನಲ್ಲಿ ಸೆರೊಟೊನಿನ್ ತಯಾರಾಗುತ್ತದೆ ಎಂಬ ಒಂದೇ ಸಂಗತಿ ಹಿಡಿದು ‘ಸಂತಸದ ಪುಡಿ’ ಮಾರುವವರನ್ನು ನಂಬಬೇಡಿ.

ನಮ್ಮಲ್ಲಿ ಆಲಿವ್ ಎಣ್ಣೆ ಹುಡುಕಬೇಕಿಲ್ಲ. ರಾಗಿ, ಹುರುಳಿ, ಸೊಪ್ಪು, ಮಜ್ಜಿಗೆ ಇವೆ. ಬಿಳಿ ಅನ್ನ, ನೀರು ಸಾರಿಗೇ ನಿಂತಿರುವ ವಿದ್ಯಾರ್ಥಿನಿಲಯಗಳ ತಟ್ಟೆಗೆ ಇವು ಮೊದಲು ಬರಲಿ. ಆ ವಯಸ್ಸಿನಲ್ಲೇ ಖಿನ್ನತೆ ಅನೇಕರಿಗೆ ಶುರುವಾಗುವುದು. ಮಾತ್ರೆ ಸೇವಿಸುತ್ತಿರುವವರು ಊಟ ಬದಲಿಸಿದೆವೆಂದು ಅದನ್ನು ನಿಲ್ಲಿಸಬಾರದು. ನೆರವು ಬೇಕಾದವರು ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.