ಸಹಿ ಯಾರದೋ, ತಲೆದಂಡ ಯಾರದೋ

2023ರ ಮೇ 4ರಂದು ಸ್ಯಾನ್‌ಫ್ರಾನ್ಸಿಸ್ಕೊದ ನ್ಯಾಯಾಲಯವೊಂದು ಊಬರ್ ಕಂಪನಿಯ ಮಾಜಿ ಭದ್ರತಾ ಮುಖ್ಯಸ್ಥ ಜೋ ಸಲಿವನ್‌ಗೆ ಮೂರು ವರ್ಷದ ಪ್ರೊಬೇಷನ್, 200 ಗಂಟೆಗಳ ಸಮುದಾಯ ಸೇವೆ ಮತ್ತು 50,000 ಡಾಲರ್ ದಂಡ ವಿಧಿಸಿತು. ಅಪರಾಧ: ಹ್ಯಾಕರ್‌ಗಳು ಕಂಪನಿಯ ದತ್ತಾಂಶ ಕದ್ದದ್ದನ್ನು ಸರ್ಕಾರದಿಂದ ಮುಚ್ಚಿಟ್ಟದ್ದು. ಸರ್ಕಾರಿ ವಕೀಲರು ಕೇಳಿದ್ದು 15 ತಿಂಗಳ ಜೈಲು. ನ್ಯಾಯಾಧೀಶ ವಿಲಿಯಂ ಓರಿಕ್ ಕನಿಕರ ತೋರಿದರು. ನಾಳೆ ಇಂಥದೇ ಇನ್ನೊಂದು ಪ್ರಕರಣ ಬಂದರೆ ಆರೋಪಿ ಪೋಪ್ ಫ್ರಾನ್ಸಿಸ್‌ರಷ್ಟು ಸಜ್ಜನನಾಗಿದ್ದರೂ ಜೈಲು ತಪ್ಪದು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಅದೇ ದಿನ ಅವರು ಆಡಿದ ಇನ್ನೊಂದು ಮಾತು ಅಷ್ಟಾಗಿ ಸುದ್ದಿಯಾಗಲಿಲ್ಲ. ಊಬರ್‌ನ ಆಗಿನ ಸಿಇಒ ಟ್ರಾವಿಸ್ ಕಲಾನಿಕ್ ಅವರ ಹೊಣೆಯೂ ಇಷ್ಟೇ ಇರುವಾಗ ಅವರ ಮೇಲೆ ಮೊಕದ್ದಮೆ ಯಾಕಿಲ್ಲ ಎಂದು ನ್ಯಾಯಾಧೀಶರು ಅಚ್ಚರಿಪಟ್ಟಿದ್ದರು.

ಆ ಅಚ್ಚರಿಗೆ ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಕಲಾನಿಕ್ ಮೇಲೆ ಮೊಕದ್ದಮೆ ಹೂಡಲಿಲ್ಲ. ಊಬರ್ ಕಂಪನಿ ತಪ್ಪೊಪ್ಪಿಕೊಂಡು, ತನಿಖೆಗೆ ಸಹಕರಿಸಿ, ಮೊಕದ್ದಮೆಯಿಂದ ಪಾರಾಯಿತು. ಕಂಪನಿಯವರಲ್ಲಿ ಶಿಕ್ಷೆ ಆದದ್ದು ಸಲಿವನ್ ಒಬ್ಬರಿಗೆ. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಸಲಿವನ್ ಪ್ರಕರಣದಿಂದ ಸೈಬರ್ ಭದ್ರತೆಯ ಲೋಕದಲ್ಲಿ ಒಂದು ಅಳು ಶುರುವಾಗಿದೆ. ಕಂಪನಿಗಳ ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಗಳು, ಕಚೇರಿಯ ಬಾಯಿಮಾತಿನಲ್ಲಿ 'ಸೀಸೊ'ಗಳು, ನಾವೆಲ್ಲ ಹರಕೆಯ ಕುರಿಗಳು ಎನ್ನುತ್ತಿದ್ದಾರೆ. ಸಲಿವನ್ ಪರವಾಗಿ ನ್ಯಾಯಾಧೀಶರಿಗೆ ನೂರಕ್ಕೂ ಹೆಚ್ಚು ಪತ್ರ ಹೋಗಿದ್ದವು. ಈ ಅಳುವಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸುಳ್ಳನ್ನು ಮೊದಲು ಕಳೆಯದಿದ್ದರೆ ಸತ್ಯದ ಪಾಲಿಗೂ ಬೆಲೆ ಬರುವುದಿಲ್ಲ.

ಸಲಿವನ್ ಅಮಾಯಕರಲ್ಲ. ಅವರು ಹಿಂದೆ ಸ್ವತಃ ಸರ್ಕಾರಿ ಅಭಿಯೋಜಕರಾಗಿದ್ದವರು. ಕಾನೂನು ಗೊತ್ತಿಲ್ಲ ಎನ್ನುವಂತಿಲ್ಲ. 2014ರ ಒಂದು ಸೋರಿಕೆಯ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಊಬರನ್ನು ವಿಚಾರಿಸುತ್ತಿತ್ತು. 2016ರ ನವೆಂಬರ್‌ನಲ್ಲಿ ಸಲಿವನ್ ಆ ಆಯೋಗದೆದುರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಸುಮಾರು ಹತ್ತು ದಿನ ಕಳೆದ ಮೇಲೆ ಹೊಸ ಕಳ್ಳತನದ ಸುದ್ದಿ ಅವರ ಮೇಜಿಗೆ ಬಂತು: 5.7 ಕೋಟಿ ಪ್ರಯಾಣಿಕರ ಮತ್ತು ಚಾಲಕರ ವಿವರ, ಅದರಲ್ಲಿ ಸುಮಾರು ಆರು ಲಕ್ಷ ಚಾಲಕರ ಲೈಸೆನ್ಸ್ ಸಂಖ್ಯೆ. ಆಯೋಗಕ್ಕೆ ಒಂದು ಸಾಲು ಬರೆದು ತಿಳಿಸುವ ಬದಲು ಹ್ಯಾಕರ್‌ಗಳಿಗೆ ಒಂದು ಲಕ್ಷ ಡಾಲರ್ ಬಿಟ್‌ಕಾಯಿನ್ ಸಂದಾಯವಾಯಿತು. ಅದಕ್ಕೆ 'ಬಗ್ ಬೌಂಟಿ' ಎಂಬ ಚಂದದ ಹೆಸರು. ದೋಷ ಹುಡುಕಿಕೊಟ್ಟ ಪ್ರಾಮಾಣಿಕ ಸಂಶೋಧಕರಿಗೆ ಕೊಡುವ ಬಹುಮಾನವನ್ನು ಬೆದರಿಸಿ ದುಡ್ಡು ಕೇಳಿದವರಿಗೆ ಕೊಟ್ಟು, ದತ್ತಾಂಶ ತೆಗೆದುಕೊಂಡೇ ಇಲ್ಲ ಎಂದು ಅವರಿಂದ ಕರಾರುಪತ್ರ ಬರೆಸಿಕೊಂಡರು. ಇದು ಭದ್ರತೆಯ ಕೆಲಸವೇ ಅಲ್ಲ. ಶಿಕ್ಷೆ ಆಗಬೇಕಿತ್ತು, ಆಯಿತು.

ಆದರೆ ವಿಷಯ ಸಿಇಒಗೆ ಆಗಲೇ ಗೊತ್ತಿತ್ತು ಎಂಬುದು ಅದೇ ವಿಚಾರಣೆಯಲ್ಲಿ ಹೊರಬಂತು. ಸಲಿವನ್‌ಗೆ ಯಾಕೆ ಶಿಕ್ಷೆಯಾಯಿತು ಎಂಬುದು ನನ್ನ ತಕರಾರಲ್ಲ. ಒಬ್ಬರಿಗೇ ಯಾಕೆ ಎಂಬುದು ತಕರಾರು.

ಸೋಲಾರ್‌ವಿಂಡ್ಸ್ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ಅದು ಬೇರೆಯದೇ ಕಥೆ. 2020ರ ಡಿಸೆಂಬರ್‌ನಲ್ಲಿ ಬಯಲಾದ ಆ ದಾಳಿಯಲ್ಲಿ ರಷ್ಯಾದ ಗೂಢಚಾರರು ಕಂಪನಿಯ 'ಓರಿಯಾನ್' ತಂತ್ರಾಂಶದ ಅಪ್‌ಡೇಟ್ ಒಳಗೇ ವಿಷ ಬೆರೆಸಿದ್ದರು. ಸುಮಾರು 18,000 ಗ್ರಾಹಕರು ಅದನ್ನು ನಂಬಿ ಇಳಿಸಿಕೊಂಡರು. ಅವರಲ್ಲಿ ಅಮೆರಿಕದ ಸರ್ಕಾರಿ ಇಲಾಖೆಗಳೂ ಇದ್ದವು. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಎಸ್‌ಇಸಿ ಕಂಪನಿಯ ಜೊತೆಗೆ ಭದ್ರತಾ ಅಧಿಕಾರಿ ಟಿಮ್ ಬ್ರೌನ್ ಅವರನ್ನೂ ಹೆಸರು ಹಿಡಿದು ನ್ಯಾಯಾಲಯಕ್ಕೆಳೆಯಿತು. ಭದ್ರತೆ ಚೆನ್ನಾಗಿದೆ ಎಂದು ಹೊರಗೆ ಹೇಳಿ ಹೂಡಿಕೆದಾರರನ್ನು ವಂಚಿಸಿದರು ಎಂಬುದು ಆರೋಪ. ಪುರಾವೆಯಾಗಿ ಮುಂದಿಟ್ಟದ್ದರಲ್ಲಿ ಬ್ರೌನ್ ಸ್ವತಃ ತಯಾರಿಸಿದ ಆಂತರಿಕ ಸ್ಲೈಡುಗಳಿದ್ದವು. ನಮ್ಮ ಮುಖ್ಯ ಆಸ್ತಿಗಳು ತೀರಾ ದುರ್ಬಲ ಸ್ಥಿತಿಯಲ್ಲಿವೆ ಎಂದು ಅವರು ದಾಳಿಗೂ ಮುನ್ನವೇ ಒಳಗೆ ಎಚ್ಚರಿಸಿದ್ದರು.

ಇದರ ಪರಿಣಾಮವನ್ನು ನೋಡಿ. ಮನೆಯ ಮಾಡು ಸೋರುತ್ತಿದೆ ಎಂದು ಯಜಮಾನನಿಗೆ ಚೀಟಿ ಬರೆದ ಆಳನ್ನೇ, ಸೋರುವುದು ನಿನಗೆ ಗೊತ್ತಿತ್ತಲ್ಲ ಎಂದು ಹಿಡಿದುಕೊಟ್ಟ ಹಾಗಾಯಿತು. ದುರಸ್ತಿಯ ದುಡ್ಡಿನ ಪೆಟ್ಟಿಗೆ ಯಾರ ಹತ್ತಿರ ಇತ್ತು ಎಂದು ಕೇಳಿದವರಿಲ್ಲ. 2024ರ ಜುಲೈನಲ್ಲಿ ನ್ಯಾಯಾಧೀಶ ಪಾಲ್ ಎಂಗಲ್‌ಮೇಯರ್ ಬಹುಪಾಲು ಆರೋಪಗಳನ್ನು ತಳ್ಳಿಹಾಕಿದರು. 2025ರ ನವೆಂಬರ್‌ನಲ್ಲಿ ಎಸ್‌ಇಸಿ ಉಳಿದದ್ದನ್ನೂ ತಾನೇ ಹಿಂಪಡೆಯಿತು. ಪ್ರಕರಣ ಮುಗಿಯಿತು, ಪಾಠ ಮಾತ್ರ ಎಲ್ಲ ಕಂಪನಿಗಳ ಗೋಡೆ ದಾಟಿ ಹೋಯಿತು: ಬರೆದಿಡಬೇಡ. ಮೇಲ್ ಹಾಕಬೇಡ, ಫೋನಿನಲ್ಲಿ ಹೇಳು. ಸ್ಲೈಡಿನಲ್ಲಿ 'ದುರ್ಬಲ' ಎಂಬ ಪದ ತೆಗೆದು 'ಸುಧಾರಣೆಗೆ ಅವಕಾಶವಿದೆ' ಎಂದು ಹಾಕು. ಎಚ್ಚರಿಸಿದವನಿಗೆ ಬರೆ ಹಾಕಿದರೆ ಮುಂದಿನವನು ಎಚ್ಚರಿಸುವುದಿಲ್ಲ. ಇದಕ್ಕೆ ಕಾನೂನು ಪದವಿ ಬೇಕಿಲ್ಲ.

ಮೇಲಿನವರು ತಪ್ಪನ್ನು ಕೆಳಗೆ ಜಾರಿಸುವ ಕಲೆಯೂ ಇದೇ ಪ್ರಕರಣದಲ್ಲಿ ಪ್ರದರ್ಶನಗೊಂಡಿತು. 'solarwinds123' ಎಂಬ ಪಾಸ್‌ವರ್ಡ್ ಬಯಲಿಗೆ ಬಿದ್ದಿದ್ದ ಬಗ್ಗೆ 2021ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸದರು ಕೇಳಿದಾಗ, ಕಂಪನಿಯ ಮಾಜಿ ಸಿಇಒ ಕೊಟ್ಟ ಉತ್ತರ ಅದು ಒಬ್ಬ ಇಂಟರ್ನ್ ಮಾಡಿದ ತಪ್ಪು ಎಂಬುದು. 2017ರಲ್ಲಿ 14.7 ಕೋಟಿ ಜನರ ವಿವರ ಕಳೆದುಕೊಂಡ ಅಮೆರಿಕದ ಸಾಲಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನದೂ ಅದೇ ರಾಗ. ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ದೋಷಕ್ಕೆ ಆ ವರ್ಷ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು, ಹಾಕಲಿಲ್ಲ. ಮಾಜಿ ಸಿಇಒ ಸಂಸದರೆದುರು ಬೆರಳು ತೋರಿಸಿದ್ದು ಸಂದೇಶವನ್ನು ಮುಂದೆ ದಾಟಿಸದ ಒಬ್ಬ ಉದ್ಯೋಗಿಯ ಕಡೆಗೆ. ಆದರೆ ಸಂಸತ್ ಸಮಿತಿಯ ವರದಿ ತೆರೆದಿಟ್ಟದ್ದು ಬೇರೆ: ಕಳ್ಳರನ್ನು ಹಿಡಿಯಬೇಕಿದ್ದ ಉಪಕರಣದ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದು 19 ತಿಂಗಳು ಕಳೆದಿದ್ದವು. ಭದ್ರತಾ ಮುಖ್ಯಸ್ಥೆ ಐಟಿ ವಿಭಾಗದೊಂದಿಗೆ ಸೇರದೆ ಕಾನೂನು ವಿಭಾಗದ ಮುಖ್ಯಸ್ಥರ ಕೈಕೆಳಗಿದ್ದರು; ಎರಡು ಇಲಾಖೆಗಳ ನಡುವೆ ಹೊಣೆ ಬಿದ್ದುಹೋಗಿತ್ತು. ಇಷ್ಟೆಲ್ಲ ಇರುವಾಗ ಜಗತ್ತು ವಾರಗಟ್ಟಲೆ ನಕ್ಕಿದ್ದು ಯಾವುದಕ್ಕೆ? ಆ ಭದ್ರತಾ ಮುಖ್ಯಸ್ಥೆ ಓದಿದ್ದು ಸಂಗೀತ ಎಂಬುದಕ್ಕೆ. ಸಂಗೀತ ಓದಿದವರು ಪ್ಯಾಚ್ ಹಾಕಿಸಲಾರರು ಎಂದು ನಕ್ಕವರು, ಪ್ಯಾಚ್ ಹಾಕಿಸುವ ಅಧಿಕಾರ ಆಕೆಗಿತ್ತೇ ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಅಧಿಕಾರ ಎಂಬ ಈ ಪದದಲ್ಲೇ ಗಂಟು ಇರುವುದು. ಕಂಪನಿಗಳ ದೈನಂದಿನ ವ್ಯವಹಾರ ಬಲ್ಲವರಿಗೆ 'ರಿಸ್ಕ್ ಅಕ್ಸೆಪ್ಟೆನ್ಸ್' ಎಂಬ ಕಾಗದದ ಪರಿಚಯ ಇದ್ದೇ ಇರುತ್ತದೆ. ಹಳೆಯ ಸರ್ವರ್ ಒಂದಕ್ಕೆ ಪ್ಯಾಚ್ ಹಾಕಬೇಕು. ಹಾಕಿದರೆ ಹಬ್ಬದ ಮಾರಾಟದ ಹೊತ್ತಿನಲ್ಲಿ ಆ್ಯಪ್ ನಾಲ್ಕು ಗಂಟೆ ನಿಲ್ಲುತ್ತದೆ. ಮಾರಾಟದವರು ಬೇಡ ಎನ್ನುತ್ತಾರೆ, ಐಟಿಯವರು ಮುಂದಿನ ತ್ರೈಮಾಸಿಕ ಎನ್ನುತ್ತಾರೆ. ಅಪಾಯವನ್ನು ಒಪ್ಪಿಕೊಂಡಿದ್ದೇವೆ ಎಂದು ಒಂದು ಕಾಗದ ಹುಟ್ಟುತ್ತದೆ. ಅದರ ಕೆಳಗೆ ಸಹಿ ಯಾರದು? ಆ ತೀರ್ಮಾನದಿಂದ ಲಾಭ ಪಡೆದವರದು ಇರಬೇಕು. ಎಷ್ಟೋ ಕಡೆ ಅಲ್ಲಿ ಇರುವುದು ಸೀಸೊ ಸಹಿ, ಇಲ್ಲವೇ ಖಾಲಿ ಗೆರೆ. ಪ್ಯಾಚ್ ಹಾಕಿ ಎನ್ನುವ ಬಾಯಿ ಅವನಿಗಿದೆ, ಸರ್ವರ್ ನಿಲ್ಲಿಸುವ ಕೈ ಇಲ್ಲ. ಕೋಟೆಯ ಕಾವಲಿಗೆ ನಿಲ್ಲಿಸಿ ಬೀಗದಕೈ ಬೇರೆಯವರ ಸೊಂಟಕ್ಕೆ ಕಟ್ಟಿದರೆ, ಕೊಳ್ಳೆ ಹೋದ ದಿನ ಕಾವಲಿನವನ ತಲೆ ಕೇಳುವುದು ಯಾವ ನ್ಯಾಯ?

ನಮ್ಮ ರಿಸರ್ವ್ ಬ್ಯಾಂಕ್ ಈ ಗಂಟನ್ನು ಅಮೆರಿಕಕ್ಕಿಂತ ಚೆನ್ನಾಗಿ ಗುರುತಿಸಿದೆ ಎಂಬುದನ್ನು ಹೇಳಲೇಬೇಕು. 2023ರ ನವೆಂಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ಐಟಿ ಆಡಳಿತ ನಿರ್ದೇಶನದಲ್ಲಿ ಎರಡು ಮಾತುಗಳಿವೆ. ಸೀಸೊ ಐಟಿ ಮುಖ್ಯಸ್ಥರ ನೇರ ಅಧೀನದಲ್ಲಿ ಇರಬಾರದು. ಸೀಸೊಗೆ ವ್ಯಾಪಾರದ ಟಾರ್ಗೆಟ್ ಕೊಡಬಾರದು. ಲೆಕ್ಕ ಬರೆಯುವವನೂ ಲೆಕ್ಕ ನೋಡುವವನೂ ಒಬ್ಬನೇ ಆಗಬಾರದೆಂಬ ಹಳೆಯ ವಿವೇಕವೇ ಇದು. ಆದರೆ ಇದು ಬ್ಯಾಂಕು, ಹಣಕಾಸು ಸಂಸ್ಥೆಗಳಿಗೆ ಮಾತ್ರ. ನಿಮ್ಮ ರಕ್ತಪರೀಕ್ಷೆಯ ವರದಿ ಇಟ್ಟುಕೊಂಡ ಆಸ್ಪತ್ರೆ, ಮಕ್ಕಳ ಅಂಕಪಟ್ಟಿ ಇಟ್ಟುಕೊಂಡ ವಿಶ್ವವಿದ್ಯಾಲಯ, ನಿಮ್ಮ ಮನೆ ವಿಳಾಸ ಬಲ್ಲ ಡೆಲಿವರಿ ಆ್ಯಪ್‌ಗಳನ್ನು ಈ ಮಾತು ಕಟ್ಟಿಹಾಕುವುದಿಲ್ಲ.

ಉಳಿದ ಕಾನೂನುಗಳು ಎಡವುವುದು ಇಲ್ಲಿಯೇ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಆದೇಶದಂತೆ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು, ಸಂಪರ್ಕಕ್ಕೆ ಒಬ್ಬರ ಹೆಸರು ಕೊಡಬೇಕು. ಪಾಲಿಸದಿದ್ದರೆ ಒಂದು ವರ್ಷದವರೆಗೆ ಜೈಲಿಗೂ ಐಟಿ ಕಾಯ್ದೆಯಲ್ಲಿ ಅವಕಾಶವಿದೆ. ಕಂಪನಿ ತಪ್ಪು ಮಾಡಿದರೆ ಅದನ್ನು ನಡೆಸುವವರು ಹೊಣೆ ಎಂದು ಅದೇ ಕಾಯ್ದೆಯ 85ನೇ ಕಲಂ ಹೇಳುತ್ತದೆ ನಿಜ. ಆದರೆ ತನಗೆ ಗೊತ್ತೇ ಇರಲಿಲ್ಲ ಎಂದು ಸಾಬೀತು ಮಾಡಿದವರಿಗೆ ಬಾಗಿಲೂ ತೆರೆದಿದೆ. ಗೊತ್ತಿಲ್ಲದಿರುವುದೇ ರಕ್ಷಣೆಯಾದರೆ, ಗೊತ್ತುಮಾಡಿಕೊಳ್ಳಲು ಯಾವ ಸಿಇಒಗೆ ಮನಸ್ಸು ಬಂದೀತು? ಆರು ಗಂಟೆಯಲ್ಲಿ ಮೊದಲ ಎರಡು ವಕೀಲರ ಫೋನಿಗೆ, ನಂತರದ ಎರಡು 'ನಿಜವಾಗಿ ಇದು ದಾಳಿಯೇ?' ಎಂಬ ಚರ್ಚೆಗೆ ಹೋದರೆ, ಕಡೆಗೆ ಕಾಗದದಲ್ಲಿ ಉಳಿಯುವುದು ಸಂಪರ್ಕಕ್ಕೆಂದು ಕೊಟ್ಟ ಆ ಒಂದು ಹೆಸರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಲ್ಲದು. ಅದು ಕಂಪನಿಯ ಖಜಾನೆಯಿಂದ, ಅಂದರೆ ಷೇರುದಾರರ ಜೇಬಿನಿಂದ ಹೋಗುತ್ತದೆ. ತೀರ್ಮಾನ ತೆಗೆದುಕೊಂಡವರ ಜೇಬು ಬೆಚ್ಚಗೇ ಇರುತ್ತದೆ.

ಇದಕ್ಕೆ ಎರಡು ಉತ್ತರಗಳನ್ನು ಸಿದ್ಧವಾಗಿ ಇಟ್ಟುಕೊಂಡವರಿದ್ದಾರೆ. ಮೊದಲನೆಯದು: ಸೀಸೊಗೆ ಕೋಟಿ ಸಂಬಳ ಬರುತ್ತದೆ, ಅಪಾಯವನ್ನೂ ಹೊರಲಿ. ಸಂಬಳ ಕೊಡುವುದು ಕೆಲಸಕ್ಕೆ. ಇನ್ನೊಬ್ಬರ ತಪ್ಪಿಗೆ ಬಲಿ ಹೋಗಲಿಕ್ಕೆ ಕೊಡುವುದಾದರೆ ಅದನ್ನು ಸಂಬಳ ಎನ್ನಬಾರದು, ಬಲಿಗೆ ಮುಂಚೆ ಹಾಕುವ ಹಾರ ಎನ್ನಬೇಕು. ಎರಡನೆಯದು ಸ್ವಲ್ಪ ಗಟ್ಟಿ: ಪ್ರತಿ ಹ್ಯಾಕಿಗೂ ಸಿಇಒ ಜೈಲಿಗೆ ಹೋಗುವುದಾದರೆ ಉದ್ಯಮ ನಡೆಸುವವರು ಯಾರು?

ನಾನು ಕೇಳುತ್ತಿರುವುದು ಅದನ್ನಲ್ಲ. ರಷ್ಯಾದ ಗೂಢಚಾರರು ನುಗ್ಗಿದರೆ ಅದು ಯಾರ ಅಪರಾಧವೂ ಆಗದೇ ಇರಬಹುದು. ಗೊತ್ತಿದ್ದ ಬಿರುಕನ್ನು ಮುಚ್ಚದೆ ಬಿಟ್ಟದ್ದು, ಗೊತ್ತಾದ ಕಳ್ಳತನವನ್ನು ಮುಚ್ಚಿಟ್ಟದ್ದು, ಈ ಎರಡಕ್ಕೆ ಮಾತ್ರ ಹೆಸರು ಬೇಕು. ಅದಕ್ಕೆ ದಾರಿ ಹೊಸದೇನಲ್ಲ. ಎನ್ರಾನ್ ಕಂಪನಿಯ ಲೆಕ್ಕಪತ್ರ ಹಗರಣದ ನಂತರ 2002ರಲ್ಲಿ ಅಮೆರಿಕ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ತಂದು, ಕಂಪನಿಯ ಲೆಕ್ಕಪತ್ರಕ್ಕೆ ಸಿಇಒ ಮತ್ತು ಹಣಕಾಸು ಮುಖ್ಯಸ್ಥ ಇಬ್ಬರೂ ಸಹಿ ಹಾಕಬೇಕೆಂದಿತು. ಲೆಕ್ಕದವನು ಮಾಡಿದ, ನನಗೇನು ಗೊತ್ತು ಎಂಬ ಮಾತಿಗೆ ಅಲ್ಲಿಗೆ ಕುತ್ತು ಬಂತು. 2009ರ ಜನವರಿಯಲ್ಲಿ ಲೆಕ್ಕದ ವಂಚನೆ ಬಯಲಾಗಿ ಸತ್ಯಂ ಕಂಪನಿ ಕುಸಿದು ನಾವೂ ಪೆಟ್ಟು ತಿಂದೆವು. 2013ರ ಕಂಪನಿ ಕಾಯ್ದೆಯಲ್ಲಿ ಆಂತರಿಕ ಹಣಕಾಸು ನಿಯಂತ್ರಣ ಸರಿಯಾಗಿದೆ ಎಂದು ಲಿಸ್ಟೆಡ್ ಕಂಪನಿಗಳ ನಿರ್ದೇಶಕರೇ ಹೇಳಿಕೆ ಕೊಡುವ ನಿಯಮ ಬಂತು. ಉದ್ಯಮ ಮುಳುಗಲಿಲ್ಲ. ರೂಪಾಯಿಯ ಲೆಕ್ಕಕ್ಕೆ ನಿರ್ದೇಶಕರ ಹೊಣೆ ಬೇಕಾದರೆ ಕೋಟಿ ಜನರ ಆಧಾರ್ ಸಂಖ್ಯೆ, ಬೆರಳಚ್ಚು, ರೋಗದ ಚರಿತ್ರೆಗೆ ಯಾಕೆ ಬೇಡ? ವರ್ಷಕ್ಕೊಮ್ಮೆ, ಒಪ್ಪಿಕೊಂಡ ಅಪಾಯಗಳ ಪಟ್ಟಿಗೆ ಸಿಇಒ ಮತ್ತು ಮಂಡಳಿಯ ಒಬ್ಬ ನಿರ್ದೇಶಕರ ಸಹಿ ಕಡ್ಡಾಯವಾಗಲಿ. ಆ ಪಟ್ಟಿಯಲ್ಲಿ ಬರೆದು ಎಚ್ಚರಿಸಿದ ಸೀಸೊಗೆ ಕಾನೂನಿನ ರಕ್ಷಣೆ ಇರಲಿ. ಪಟ್ಟಿಯಿಂದ ಮುಚ್ಚಿಟ್ಟರೆ ಆತನೇ ಕಟಕಟೆಗೆ ಬರಲಿ. ಆಗ ಸಲಿವನ್‌ಗೂ ಬ್ರೌನ್‌ಗೂ ಇರುವ ವ್ಯತ್ಯಾಸ ಕಾಗದದ ಮೇಲೇ ಕಾಣುತ್ತದೆ.

ಬೆಂಗಳೂರಿಗೆ ಇದು ದೂರದ ಚರ್ಚೆಯಲ್ಲ. ಅಮೆರಿಕ ಮಲಗಿರುವಾಗಲೂ ಎದ್ದಿರುವಾಗಲೂ ಅದರ ಕಂಪನಿಗಳ ಪರದೆಗಳನ್ನು ಪಾಳಿಯಲ್ಲಿ ಕಾಯುವ ಹುಡುಗ ಹುಡುಗಿಯರು ಇಲ್ಲಿನ ಟೆಕ್ ಪಾರ್ಕ್‌ಗಳಲ್ಲಿದ್ದಾರೆ. ಐಎಸ್‌ಸಿ2 ಎಂಬ ವೃತ್ತಿಪರ ಸಂಸ್ಥೆ 2024ರಲ್ಲಿ ಜಗತ್ತಿಗೆ ಇನ್ನೂ 48 ಲಕ್ಷ ಭದ್ರತಾ ಪರಿಣತರು ಬೇಕು ಎಂದಿತು. ಆದರೆ ಇದೇ ಸಂಸ್ಥೆಯ ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ ಐದು ವರ್ಷದ ಅನುಭವ ಬೇಕು. ಅದನ್ನು ಹೊಸಬರ ಹುದ್ದೆಗೂ ಕೇಳುವ ಜಾಹೀರಾತುಗಳನ್ನು ನೋಡಿ ನಗದ ಅಭ್ಯರ್ಥಿ ಇಲ್ಲ. ಕೆಳಗಿನ ಮೆಟ್ಟಿಲು ಏರಲು ಬಿಡುವುದಿಲ್ಲ, ಮೇಲಿನ ಮೆಟ್ಟಿಲ ಮೇಲೆ ನಿಂತವನಿಗೆ ಕೈಗಂಬಿ ಇಲ್ಲ. ಇಂಥ ಏಣಿಯನ್ನು ತೋರಿಸಿ ಏರುವವರಿಲ್ಲ ಎಂದು ಗೊಣಗುವುದು ವಿಚಿತ್ರ.

ಹಾಗಾಗಿ ಈ ವೃತ್ತಿಯಲ್ಲಿ ಮುಂದೊಂದು ದಿನ ಮುಖ್ಯಸ್ಥರಾಗುವ ಆಸೆಯುಳ್ಳವರು ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಲಿ: ಕಳೆದ ವರ್ಷ ನೀವು ಒಪ್ಪಿಕೊಂಡ ಅಪಾಯಗಳ ಕಾಗದದಲ್ಲಿ ಯಾರ ಸಹಿ ಇದೆ? ವ್ಯಾಪಾರ ನಡೆಸುವವರ ಹೆಸರು ಹೇಳಿದರೆ ಕುಳಿತು ಮಾತಾಡಬಹುದು. ಅಂಥ ಕಾಗದವೇ ಇಲ್ಲ ಎಂದರೆ, ಬರೆಸುವುದೇ ನಿಮ್ಮ ಮೊದಲ ಕೆಲಸ. ಹಿಂದಿನ ಸೀಸೊ ಸಹಿ ಇದೆ, ಅವರು ಈಗ ಇಲ್ಲಿಲ್ಲ ಎಂದರೆ, ಆ ಕುರ್ಚಿ ಯಾಕೆ ಖಾಲಿಯಾಯಿತೆಂದು ನೀವು ಬೇರೆಯಾಗಿ ಕೇಳಬೇಕಾಗಿಲ್ಲ.